ಅಂಗವಿಕಲ ವಿದ್ಯಾರ್ಥಿಯ ಪದವಿ ಓದು: ಪರ್ಸೆಂಟ್ ಬರೆದುಕೊಂಡರೆ ಸಾಲದು

ಅಂಗವಿಕಲ ವಿದ್ಯಾರ್ಥಿಯೊಬ್ಬರು ಪದವಿ ಕಾಲೇಜಿಗೆ ಸೇರಲು ಬಂದಾಗ ಕಚೇರಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟ್?’ ಎಂಬುದು. ನಲವತ್ತೋ ಎಪ್ಪತ್ತೋ ನೂರೋ, ಆ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದು ಕಾರ್ಡಿನ ಜೆರಾಕ್ಸ್ ಲಗತ್ತಿಸಿದರೆ ಬಹಳಷ್ಟು ಕಡೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸೀಟಿಗೆ, ಶುಲ್ಕಕ್ಕೆ, ವಿದ್ಯಾರ್ಥಿವೇತನಕ್ಕೆ ಆ ಸಂಖ್ಯೆ ಬೇಕು. ಪಾಠ ಮಾಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಪ್ರಮಾಣಪತ್ರದಲ್ಲಿ ಒಂದೇ ಶೇಕಡಾವಾರು ಇರುವ ಇಬ್ಬರು ಮಂದದೃಷ್ಟಿಯ ವಿದ್ಯಾರ್ಥಿಗಳನ್ನು ನೋಡಿ. ಒಬ್ಬರಿಗೆ ನೋಟದ ನಡುಭಾಗ ಮಸುಕು. ಅಕ್ಷರ ದೊಡ್ಡದಾದಷ್ಟೂ ಅನುಕೂಲ. ಇನ್ನೊಬ್ಬರಿಗೆ ಕೊಳವೆಯೊಳಗಿಂದ ನೋಡಿದಂತೆ ನಡುವಿನ ಕಿಂಡಿಯಷ್ಟೇ ಕಾಣುತ್ತದೆ; ಅಕ್ಷರ ಹಿಗ್ಗಿಸಿದರೆ ಒಂದು ನೋಟಕ್ಕೆ ಇಡೀ ಪದವೂ ಸಿಗದೆ ಓದು ಇನ್ನಷ್ಟು ನಿಧಾನವಾಗುತ್ತದೆ. ಇಬ್ಬರಿಗೂ ದೊಡ್ಡಕ್ಷರದ ಪ್ರಶ್ನೆಪತ್ರಿಕೆ ಕೊಟ್ಟ ಕಾಲೇಜು ಒಬ್ಬರಿಗೆ ನೆರವಾಗಿ ಇನ್ನೊಬ್ಬರಿಗೆ ತೊಡಕು ತಂದಿರುತ್ತದೆ.

ವಿದ್ಯಾರ್ಥಿಗೆ ಯಾವ ಕೆಲಸ ಎಲ್ಲಿ ಅಡ್ಡಿಯಾಗುತ್ತದೆ, ಅದಕ್ಕೆ ಏನು ಮಾಡಬೇಕು, ಯಾರು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು ಎಂಬ ನಾಲ್ಕು ಮಾತು ಕಾಗದದ ಮೇಲೆ ಬಂದಾಗ ಮಾತ್ರ ಅನುಕೂಲ ಕೈಗೆ ಸಿಗುತ್ತದೆ. ಈ ಲೇಖನವಿರುವುದು ಆ ನಾಲ್ಕು ಮಾತಿನ ಬಗ್ಗೆ.

ಕಾನೂನಿನಲ್ಲಿ ಏನಿದೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದು. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆ 7 ಬಗೆಯ ವೈಕಲ್ಯವನ್ನು ಗುರುತಿಸಿತ್ತು, ಹೊಸದು 21 ಬಗೆಯನ್ನು ಗುರುತಿಸುತ್ತದೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ, ಮಾನಸಿಕ ಅಸ್ವಸ್ಥತೆ, ಹಿಮೋಫಿಲಿಯಾ, ತಲಸ್ಸೇಮಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್ ಇವೆಲ್ಲ ಆ ಪಟ್ಟಿಯಲ್ಲಿವೆ. ಅಂದರೆ ನೋಡಿದರೆ ಗೊತ್ತಾಗದ ವೈಕಲ್ಯಗಳೂ ಬಹಳ. ‘ನೋಡಿದರೆ ಚೆನ್ನಾಗಿಯೇ ಇದ್ದೀಯಲ್ಲ’ ಎಂಬ ಮಾತಿಗೆ ಈಗ ಕಾನೂನಿನಲ್ಲಿ ಜಾಗವಿಲ್ಲ.

ಕಾಯ್ದೆಯ ಒಳಗೆ ಎರಡು ಬೇರೆ ಬೇರೆ ಹಕ್ಕುಗಳಿವೆ. ಅವನ್ನು ಬೆರೆಸಿಕೊಳ್ಳುವುದರಿಂದಲೇ ಹೆಚ್ಚಿನ ಗೊಂದಲ. ಮೊದಲನೆಯದು ಮೀಸಲಾತಿ. 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಮೀಸಲಿಡಬೇಕು, ಗರಿಷ್ಠ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಕೊಡಬೇಕು. ಇದು ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ. ಎರಡನೆಯದು ಸೂಕ್ತ ಹೊಂದಾಣಿಕೆಯ ಹಕ್ಕು. ಬೇರೆಯವರಂತೆ ಕಲಿಯಲು ಬೇಕಾದ ಮಾರ್ಪಾಟುಗಳನ್ನು, ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಬೀಳದ ಮಟ್ಟಿಗೆ, ಮಾಡಿಕೊಡಬೇಕು ಎಂಬುದು ಇದರ ತಿರುಳು. ಇದಕ್ಕೆ ಶೇ 40ರ ಗೆರೆ ಇಲ್ಲ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಎಂಬವರು ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಶೇ 40 ಇಲ್ಲವೆಂದು ಲಿಪಿಕಾರರನ್ನು, ಅಂದರೆ ಹೇಳಿದ ಉತ್ತರವನ್ನು ಬರೆದುಕೊಡುವವರನ್ನು, ನಿರಾಕರಿಸಲಾಗಿತ್ತು; ಅದು ತಪ್ಪು ಎಂದಿತು ನ್ಯಾಯಾಲಯ. ಆ ತೀರ್ಪಿನ ಫಲವಾಗಿ 2022ರ ಆಗಸ್ಟ್‌ನಲ್ಲಿ, ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟವಿರುವವರಿಗೆ ಕೇಂದ್ರ ಸರ್ಕಾರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ಕಾಯ್ದೆಯ ವ್ಯಾಖ್ಯೆಯಲ್ಲೇ ಇನ್ನೊಂದು ಸಾಲಿದೆ: ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ. ಕಾಲೇಜು ಅನುಕೂಲ ಮಾಡಿಕೊಡುವುದು ದಯೆಯಿಂದಲ್ಲ ಎಂಬುದಕ್ಕೆ ಈ ಒಂದು ಸಾಲು ಸಾಕು. 17ನೇ ಸೆಕ್ಷನ್ ಪಠ್ಯಕ್ರಮ ಮತ್ತು ಪರೀಕ್ಷಾ ಪದ್ಧತಿಯಲ್ಲಿ ಮಾರ್ಪಾಟಿನ ಮಾತಾಡುತ್ತದೆ: ಹೆಚ್ಚುವರಿ ಸಮಯ, ಲಿಪಿಕಾರರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಹುಟ್ಟಿನಿಂದ ಕಿವುಡರಾದ ವಿದ್ಯಾರ್ಥಿಗೆ ಈ ಭಾಷಾ ವಿನಾಯಿತಿ ದೊಡ್ಡ ವಿಷಯ. ಆದರೆ ಅದನ್ನು ಪ್ರವೇಶದ ವೇಳೆಯಲ್ಲೇ ಕೇಳಬೇಕು. ಎರಡು ಸೆಮಿಸ್ಟರ್ ಕಳೆದ ಮೇಲೆ ಕೇಳಿದರೆ ಕ್ರೆಡಿಟ್ ಲೆಕ್ಕದಲ್ಲಿ ಸಿಕ್ಕಿಕೊಳ್ಳುತ್ತದೆ.

ಕಾರ್ಡು, ಪ್ರಮಾಣಪತ್ರ

ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಯ್ಕೆ ಮಾಡಿದ ಆಸ್ಪತ್ರೆಯ ವೈದ್ಯಕೀಯ ತಪಾಸಣೆಗೆ ಹೋಗಬೇಕು. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯು ಎನ್ನುವವರನ್ನು, ಇಲ್ಲವೇ ತಾಲ್ಲೂಕು ಮಟ್ಟದ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು ಅವರನ್ನು ಕಂಡರೆ ಅರ್ಜಿ ತುಂಬಿಸಿಕೊಡುತ್ತಾರೆ. ತಪಾಸಣೆಯ ದಿನ, ಕಾರ್ಡಿನ ಮುದ್ರಣ ಎಲ್ಲ ಸೇರಿ ತಿಂಗಳುಗಳೇ ಹಿಡಿಯಬಹುದು. ಪಿಯು ಫಲಿತಾಂಶ ಬಂದ ಮೇಲೆ ಓಡಾಡುವ ಬದಲು ಪಿಯು ಎರಡನೇ ವರ್ಷದ ಆರಂಭದಲ್ಲೇ ಅರ್ಜಿ ಹಾಕಿರುವುದು ಒಳ್ಳೆಯದು.

ಇಲ್ಲಿ ಕೆಡುವುದು ಹೆಚ್ಚಾಗಿ ಹೆಸರು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ ಎಂಬಂತೆ ಇರುತ್ತದೆ. ವಿದ್ಯಾರ್ಥಿವೇತನದ ಪೋರ್ಟಲ್ ಇವನ್ನು ಬೇರೆ ಬೇರೆ ವ್ಯಕ್ತಿಗಳೆಂದು ತಿಳಿದು ಅರ್ಜಿ ತಿರಸ್ಕರಿಸುತ್ತದೆ. ಯುಡಿಐಡಿ ಅರ್ಜಿಯಲ್ಲಿ ಹೆಸರು ಹಾಕುವ ಮುನ್ನ ಆಧಾರ್ ಮತ್ತು ಅಂಕಪಟ್ಟಿಯನ್ನು ಒಂದಕ್ಕೊಂದು ಹೊಂದಿಸಿಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದವರಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ರಾಷ್ಟ್ರೀಯ ಪೋರ್ಟಲ್‌ನಲ್ಲಿದೆ, ರಾಜ್ಯದ್ದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ. ಎರಡಕ್ಕೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು.

ಕಲಿಕಾ ನ್ಯೂನತೆಯ ವಿಷಯದಲ್ಲಿ ಒಂದು ಎಚ್ಚರಿಕೆ. 2018ರ ಮೌಲ್ಯಮಾಪನ ಮಾರ್ಗಸೂಚಿಯಂತೆ 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಮಾಡಿಸಬೇಕು. 18ಕ್ಕೆ ಸಿಕ್ಕ ಪ್ರಮಾಣಪತ್ರವೇ ಜೀವನಪೂರ್ತಿ ನಡೆಯುವುದು. ಹೈಸ್ಕೂಲಿನಲ್ಲಿ ಪಡೆದ ಹಳೆಯ ಪತ್ರವನ್ನೇ ಹಿಡಿದು ಪದವಿಗೆ ಬಂದವರಿಗೆ ‘ಇದು ನಡೆಯುವುದಿಲ್ಲ’ ಎಂಬ ಉತ್ತರ ಸಿಗುವುದು ಈ ಕಾರಣಕ್ಕೆ. ತಪಾಸಣೆಗೆ ಸರದಿ ಉದ್ದವಿರುವುದರಿಂದ ಹದಿನೆಂಟು ತುಂಬಿದ ಕೂಡಲೇ ದಿನ ಗೊತ್ತು ಮಾಡಿಕೊಳ್ಳಬೇಕು.

ಅಗತ್ಯಗಳ ಪತ್ರ ಬರೆಯುವ ಬಗೆ

‘ನನಗೆ ಶೇ 50 ಸೆರೆಬ್ರಲ್ ಪಾಲ್ಸಿ ಇದೆ, ದಯವಿಟ್ಟು ಸಹಾಯ ಮಾಡಬೇಕಾಗಿ ವಿನಂತಿ’ ಎಂಬ ಅರ್ಜಿಯ ಮೇಲೆ ಪ್ರಾಂಶುಪಾಲರು ‘ಪರಿಶೀಲಿಸಿ’ ಎಂದು ಬರೆಯುತ್ತಾರೆ, ಅದು ಫೈಲಿಗೆ ಹೋಗುತ್ತದೆ. ಏನು ಪರಿಶೀಲಿಸಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಅದೇ ವಿದ್ಯಾರ್ಥಿ ಹೀಗೆ ಬರೆದರೆ ಕೆಲಸ ಮುಂದೆ ಹೋಗುತ್ತದೆ:

‘ನಾನು ಕೈಬರಹದಲ್ಲಿ ನಿಮಿಷಕ್ಕೆ ಆರೇಳು ಪದ ಮಾತ್ರ ಬರೆಯಬಲ್ಲೆ. 20 ನಿಮಿಷ ಬರೆದರೆ ಕೈ ಸೆಟೆದುಕೊಳ್ಳುತ್ತದೆ. ಆದ್ದರಿಂದ ಒಂದು ಗಂಟೆಯ ಆಂತರಿಕ ಪರೀಕ್ಷೆಗೆ ಲಿಪಿಕಾರರು ಮತ್ತು 20 ನಿಮಿಷ ಹೆಚ್ಚುವರಿ ಸಮಯ ಬೇಕು. ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳಲಾಗದ ಕಾರಣ ಅದೇ ದಿನ ಟಿಪ್ಪಣಿಯ ಪ್ರತಿ ಬೇಕು. ಮೆಟ್ಟಿಲು ಹತ್ತಬಲ್ಲೆ, ಆದರೆ ಎರಡನೇ ಮಹಡಿಗೆ 8 ನಿಮಿಷ ಹಿಡಿಯುತ್ತದೆ. 5 ನಿಮಿಷದ ವಿರಾಮದಲ್ಲಿ ಕೊಠಡಿ ಬದಲಿಸಲಾಗದು.’

ಅಳತೆಗಳನ್ನು ಊಹಿಸಿ ಬರೆಯಬಾರದು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಯೊಂದಕ್ಕೆ ಉತ್ತರ ಬರೆದು ನೋಡಿದರೆ ಬರವಣಿಗೆಯ ವೇಗ, ಆಯಾಸ ಬರುವ ಹೊತ್ತು ಎರಡೂ ಸಿಗುತ್ತವೆ. ಓದಿನ ವೇಗಕ್ಕೂ ಇದೇ ದಾರಿ. ಪತ್ರದಲ್ಲಿ ಕಾಯಿಲೆಯ ವಿವರ ಇರಲೇಬೇಕೆಂದೇನಿಲ್ಲ. ಮುಖ್ಯವಾಗಿ ಮಾನಸಿಕ ಅಸ್ವಸ್ಥತೆ ಇರುವವರ ವಿಷಯದಲ್ಲಿ ಪ್ರಮಾಣಪತ್ರವನ್ನು ಒಬ್ಬ ಜವಾಬ್ದಾರಿಯುತ ಅಧಿಕಾರಿ ಮಾತ್ರ ನೋಡಿ, ಅಧ್ಯಾಪಕರಿಗೆ ‘ಈ ವಿದ್ಯಾರ್ಥಿಗೆ ಈ ಅನುಕೂಲ ಕೊಡಬೇಕು’ ಎಂಬಷ್ಟನ್ನೇ ತಿಳಿಸಿದರೆ ಸಾಕು. ಔಷಧದಿಂದ ಬೆಳಗಿನ ಹೊತ್ತು ಮಂಪರು ಇರುವವರಿಗೆ, ತಿಂಗಳಿಗೆ ಒಂದೆರಡು ಸಲ ರಕ್ತ ಹಾಕಿಸಿಕೊಳ್ಳಲು ಹೋಗುವ ತಲಸ್ಸೇಮಿಯಾ ವಿದ್ಯಾರ್ಥಿಗೆ ಬೇಕಾದದ್ದು ಹಾಜರಾತಿಯಲ್ಲಿ ಸಡಿಲಿಕೆ, ತಪ್ಪಿದ ಕಿರುಪರೀಕ್ಷೆಯನ್ನು ಬೇರೆ ದಿನ ಬರೆಯುವ ಅವಕಾಶ. ಸೆಮಿಸ್ಟರಿನ ಕೊನೆಯಲ್ಲಿ ಹಾಜರಾತಿ ಕೊರತೆಯ ಪಟ್ಟಿ ಅಂಟಿಸಿದ ಮೇಲೆ ಕೇಳುವ ಬದಲು ಮೊದಲ ವಾರದಲ್ಲೇ ಲಿಖಿತ ಒಪ್ಪಿಗೆ ಪಡೆದಿರಬೇಕು.

ಪತ್ರದ ಎರಡು ಪ್ರತಿ ಇರಲಿ. ಒಂದರ ಮೇಲೆ ಕಚೇರಿಯ ಮುದ್ರೆ, ದಿನಾಂಕ, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಂಡು ಇಟ್ಟುಕೊಳ್ಳಿ.

ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಲಸುಮೇಲೋಗರ

ಕನ್ನಡ ಮಾಧ್ಯಮದಲ್ಲಿ, ಕನ್ನಡ ವಿಷಯಗಳಲ್ಲಿ ಓದುವ ಅಂಧ ವಿದ್ಯಾರ್ಥಿಗಳಿಗೆ ಇಂಗ್ಲಿಷ್‌ನಲ್ಲಿ ಓದುವವರಿಗಿಲ್ಲದ ಒಂದು ಅಡ್ಡಿ ಇದೆ. ಅದು ತೀರ ಸಣ್ಣ ಬದಲಾವಣೆಯಿಂದ ನಿವಾರಣೆಯಾಗುವಂಥದ್ದು, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಅಂಧರು ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ತೆರೆ ಓದುವ ತಂತ್ರಾಂಶಗಳನ್ನು ಬಳಸುತ್ತಾರೆ. ಎರಡೂ ಉಚಿತ. ಎರಡಕ್ಕೂ ಕನ್ನಡದ ದನಿ ಇದೆ. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ದನಿ ಯಾಂತ್ರಿಕವಾಗಿ ಕೇಳಿಸಿದರೂ ಬಹಳ ವೇಗದಲ್ಲಿ ಓದಿಸಬಹುದು. ಫೋನಿನ ಗೂಗಲ್ ದನಿ ಹೆಚ್ಚು ಸಹಜ. ಆದರೆ ಅಧ್ಯಾಪಕರು ಕಳಿಸಿದ ಟಿಪ್ಪಣಿ ತೆರೆದರೆ ಕನ್ನಡದ ಬದಲು ಬಿಡಿ ಇಂಗ್ಲಿಷ್ ಅಕ್ಷರಗಳ ಸದ್ದು ಬರುತ್ತದೆ. ಕಾರಣ ಫಾಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರಿನೊಳಗೆ ಉಳಿಯುವುದು ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟು ಆ ಸಂಕೇತದ ಮೇಲೆ ಕನ್ನಡದ ಚಿತ್ರ ತೊಡಿಸುತ್ತದೆ ಅಷ್ಟೇ. ಹಾಗೆ ಟೈಪಿಸಿದ ‘ಕನ್ನಡ’ ಎಂಬ ಪದ ಒಳಗೆ ಇರುವುದು ಹೀಗೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯು, ಮತ್ತೊಮ್ಮೆ ಎ. ತೆರೆ ಓದುವ ತಂತ್ರಾಂಶಕ್ಕೆ ಚಿತ್ರ ಕಾಣುವುದಿಲ್ಲ, ಸಂಕೇತ ಮಾತ್ರ ಸಿಗುತ್ತದೆ, ಅದನ್ನೇ ಓದುತ್ತದೆ.

ಯೂನಿಕೋಡ್‌ನಲ್ಲಿ ಟೈಪಿಸಿದರೆ ಈ ತೊಂದರೆ ಇಲ್ಲ; ಅಲ್ಲಿ ಉಳಿಯುವುದು ಕನ್ನಡ ಅಕ್ಷರದ್ದೇ ಸಂಕೇತ. ನುಡಿ ತಂತ್ರಾಂಶದಲ್ಲಿಯೂ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆಯ ವಿನ್ಯಾಸ ಬದಲಾಗುವುದಿಲ್ಲ. ಬೆರಳಿನ ಅಭ್ಯಾಸ ಕೆಡುತ್ತದೆ ಎಂಬ ಭಯ ಬೇಡ. ಕಡತ ಯಾವ ಬಗೆಯದೆಂದು ತಿಳಿಯಲು ಹತ್ತು ಸೆಕೆಂಡಿನ ಪರೀಕ್ಷೆ ಸಾಕು: ಒಂದು ಸಾಲನ್ನು ಪ್ರತಿ ಮಾಡಿ ವಾಟ್ಸ್ಯಾಪಿನಲ್ಲಿ ಅಂಟಿಸಿ. ಕನ್ನಡವೇ ಕಂಡರೆ ಯೂನಿಕೋಡ್. ಗೊಜಲು ಕಂಡರೆ ಆಸ್ಕಿ.

ಹಳೆಯ ಕಡತಗಳನ್ನು ಬದಲಿಸುವ ಉಚಿತ ಪರಿವರ್ತಕಗಳಿವೆ, ಆದರೆ ಪರಿವರ್ತಿಸಿದ್ದನ್ನು ಹಾಗೇ ಕೊಡಬಾರದು. ಮೂಲದಲ್ಲಿ ನಡುನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಜಾಗ ತಪ್ಪುತ್ತವೆ. ಇಂಗ್ಲಿಷ್ ಹೆಚ್ಚಿರುವ ಪುಟವಾದರೆ ಕನ್ನಡದ ಭಾಗಗಳನ್ನಷ್ಟೇ ಪ್ರತ್ಯೇಕವಾಗಿ ಪರಿವರ್ತಿಸಿ ಜೋಡಿಸುವುದು ಬೇಗ ಮುಗಿಯುವ ಕೆಲಸ.

ಯೂನಿಕೋಡ್‌ನಲ್ಲಿದ್ದ ಕಡತವನ್ನು ಪಿಡಿಎಫ್ ಮಾಡಿದ ಮೇಲೂ ಕನ್ನಡ ಕೆಡಬಹುದು. ಒತ್ತಕ್ಷರಗಳು ಸೇರಿ ಒಂದೇ ಆಕಾರವಾಗುವ ನಮ್ಮ ಲಿಪಿಯಲ್ಲಿ, ಪಿಡಿಎಫ್ ಆ ಆಕಾರವನ್ನು ಉಳಿಸಿಕೊಂಡು ಅದರ ಹಿಂದಿನ ಅಕ್ಷರಗಳ ಕ್ರಮವನ್ನು ಹಲವು ಸಲ ಕಳೆದುಕೊಳ್ಳುತ್ತದೆ. ಆದ್ದರಿಂದ ವಿದ್ಯಾರ್ಥಿಗೆ ಪಿಡಿಎಫ್ ಜೊತೆ ಮೂಲ ವರ್ಡ್ ಕಡತವನ್ನೂ ಕೊಡಿ. ಅದರಲ್ಲಿ ಅಧ್ಯಾಯದ ತಲೆಬರಹಕ್ಕೆ ಅಕ್ಷರ ದಪ್ಪ ಮಾಡಿ ಬಿಡುವ ಬದಲು ಹೆಡಿಂಗ್ ಶೈಲಿಯನ್ನೇ ಹಾಕಿದರೆ ಒಂದೇ ಕೀಲಿಯಿಂದ ಅಧ್ಯಾಯದಿಂದ ಅಧ್ಯಾಯಕ್ಕೆ ಜಿಗಿಯಬಹುದು. ಹೆಡಿಂಗ್ ಇಲ್ಲದ 80 ಪುಟದ ಕಡತದಲ್ಲಿ ನಾಲ್ಕನೇ ಅಧ್ಯಾಯ ಹುಡುಕುವುದೆಂದರೆ, ಪುಟಸಂಖ್ಯೆಯೂ ಪರಿವಿಡಿಯೂ ಇಲ್ಲದ ಪುಸ್ತಕದಲ್ಲಿ ಮೊದಲಿಂದ ಓದುತ್ತ ಹೋದಂತೆ.

ಈಗ ಎಲ್ಲೆಡೆ ಕಾಣುವ ಅಭ್ಯಾಸ, ಬೋರ್ಡಿನ ಫೋಟೊ ತೆಗೆದು ಗುಂಪಿಗೆ ಹಾಕುವುದು. ಅಂಧ ವಿದ್ಯಾರ್ಥಿಗೆ ಅದು ‘ಫೋಟೊ’ ಎಂದಷ್ಟೇ ಕೇಳಿಸುತ್ತದೆ. ಅಧ್ಯಾಪಕರಿಗೆ ಟೈಪಿಸಲು ಸಮಯವಿಲ್ಲದಿದ್ದರೆ ಫೋನಿನ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಹೇಳಬಹುದು, ಅದು ಅಕ್ಷರವಾಗುತ್ತದೆ. ತಪ್ಪುಗಳಿರುತ್ತವೆ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ನಕಾಶೆಯೋ ಕೋಷ್ಟಕವೋ ಇದ್ದರೆ ಕೆಳಗೆ ಎರಡು ಸಾಲಿನ ವಿವರಣೆ ಸೇರಿಸಿ.

ಮುದ್ರಿತ ಪುಸ್ತಕಗಳ ಮಾತು ಬೇರೆ. ಪುಟಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ಒಸಿಆರ್‌ಗೆ ಕೊಡಬೇಕು. ಟೆಸರಾಕ್ಟ್ ಮತ್ತು ಗೂಗಲ್ ಡ್ರೈವ್ ಎರಡೂ ಕನ್ನಡ ಗುರುತಿಸುತ್ತವೆ. ದಪ್ಪ ಪುಸ್ತಕವನ್ನು ಅಂಗಾತ ಬಿಡಿಸಿ ಫೋನಿನಲ್ಲಿ ಫೋಟೊ ತೆಗೆದರೆ ನಡುವಿನ ಮಡಿಕೆಯ ಬಳಿ ಸಾಲು ಬಾಗಿ, ಆ ಭಾಗದ ಪದಗಳೆಲ್ಲ ತಪ್ಪಾಗುತ್ತವೆ. ಒಂದೊಂದೇ ಪುಟ ಒತ್ತಿ ಹಿಡಿದು ತೆಗೆಯಬೇಕು. ಒಸಿಆರ್ ಆದ ಮೇಲೆ ಕಣ್ಣಿದ್ದವರೊಬ್ಬರು ತಿದ್ದಲೇಬೇಕು. ಇದು ನಿಧಾನದ ಕೆಲಸ, ಆದ್ದರಿಂದ ಇಡೀ ಪುಸ್ತಕಕ್ಕೆ ಕೈಹಾಕದೆ ಪಠ್ಯದಲ್ಲಿರುವ ಅಧ್ಯಾಯಗಳನ್ನು, ಅದರಲ್ಲೂ ಮೊದಲ ಘಟಕದ್ದನ್ನು ಮೊದಲು ಮುಗಿಸಿ. ಅಧ್ಯಾಪಕರಿಂದ ಓದುವ ಪಟ್ಟಿ ಸೆಮಿಸ್ಟರಿಗೆ ಆರು ವಾರ ಮುಂಚೆ ಸಿಕ್ಕರೆ ಇದು ಸಾಧ್ಯ, ತರಗತಿ ಶುರುವಾದ ಮೇಲೆ ಸಿಕ್ಕರೆ ವಿದ್ಯಾರ್ಥಿ ಸೆಮಿಸ್ಟರ್ ಉದ್ದಕ್ಕೂ ಹಿಂದೆಯೇ ಉಳಿಯುತ್ತಾರೆ.

‘ಪುಸ್ತಕ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ಕೇಸ್ ಆಗುತ್ತದೆ’ ಎಂದು ಗ್ರಂಥಪಾಲಕರು ಹಿಂಜರಿಯುವುದುಂಟು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಿಂದ, ಅಂಗವಿಕಲರ ಓದಿಗೆ ಲಾಭದ ಉದ್ದೇಶವಿಲ್ಲದೆ ಸುಗಮ ರೂಪದ ಪ್ರತಿ ಮಾಡಲು ಅನುಮತಿ ಬೇಕಿಲ್ಲ. ಆ ಪ್ರತಿ ಅಂಗವಿಕಲರ ಕೈಗೇ ಹೋಗಬೇಕು, ಇಡೀ ತರಗತಿಗೆ ಹಂಚುವಂತಿಲ್ಲ. ಸಿದ್ಧವಿರುವ ಪುಸ್ತಕಗಳನ್ನು ಮೊದಲು ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ. 2016ರಲ್ಲಿ ಶುರುವಾದ ಈ ಆನ್‌ಲೈನ್ ಗ್ರಂಥಾಲಯದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳಿವೆ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿ ಧ್ವನಿ ಪುಸ್ತಕ, ಬ್ರೈಲ್ ಮುದ್ರಣ ಎರಡೂ ಇವೆ.

ಕಿವಿ ಕೇಳದವರ ತರಗತಿ

ಶ್ರವಣಯಂತ್ರ ಹಾಕಿಕೊಂಡ ವಿದ್ಯಾರ್ಥಿಗೆ ಎಲ್ಲವೂ ಕೇಳಿಸುತ್ತದೆ ಎಂದು ತಿಳಿಯುವುದು ತಪ್ಪು. ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ, ಫ್ಯಾನಿನ ಸದ್ದನ್ನೂ ಕುರ್ಚಿ ಎಳೆಯುವ ಸದ್ದನ್ನೂ ಅಧ್ಯಾಪಕರ ಮಾತಿನೊಂದಿಗೆ ಸೇರಿಸಿಯೇ. ದೂರ ಹೆಚ್ಚಿದಷ್ಟೂ ಮಾತು ಸದ್ದಿನಲ್ಲಿ ಮುಳುಗುತ್ತದೆ. ಅದಕ್ಕೇ ಮುಂದಿನ ಸಾಲು. ಅದರಲ್ಲೂ ತೀರ ಮೂಲೆಯಲ್ಲದ, ನಡುವಿನಿಂದ ಸ್ವಲ್ಪ ಬದಿಗಿರುವ ಜಾಗ ಒಳ್ಳೆಯದು, ಅಲ್ಲಿಂದ ಅಧ್ಯಾಪಕರ ತುಟಿಯೂ, ತಿರುಗಿದರೆ ಸಹಪಾಠಿಗಳ ಮುಖವೂ ಕಾಣುತ್ತದೆ.

ಬೋರ್ಡಿಗೆ ಮುಖ ಮಾಡಿ ಬರೆಯುತ್ತ ಮಾತಾಡಿದರೆ ತುಟಿ ಓದುವವರಿಗೆ ಆ ಪಾಠ ಇಲ್ಲವೇ ಇಲ್ಲ. ಬರೆದು, ತಿರುಗಿ, ಆಮೇಲೆ ಮಾತಾಡುವುದು ಅಧ್ಯಾಪಕರು ಕಲಿಯಬಹುದಾದ ಅತ್ಯಂತ ಅಗ್ಗದ ಅನುಕೂಲ. ತುಟಿಯ ಓದಿಗೂ ಮಿತಿಯಿದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ‘ಪಾಲು’, ‘ಬಾಲು’, ‘ಮಾಲು’ ನೋಟಕ್ಕೆ ಒಂದೇ. ಹೊಸ ಪಾರಿಭಾಷಿಕ ಪದವನ್ನು ಊಹಿಸಲು ಯಾವ ಆಧಾರವೂ ಇರುವುದಿಲ್ಲ. ಆ ದಿನದ ಪಾಠದ ಹತ್ತು ಹದಿನೈದು ಪದಗಳನ್ನು ಹಿಂದಿನ ದಿನವೇ ಬರೆದುಕೊಟ್ಟರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಮಾತನ್ನು ತಕ್ಷಣ ಅಕ್ಷರಕ್ಕಿಳಿಸುವ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡದಲ್ಲೂ ಕೆಲಸ ಮಾಡುತ್ತದೆ. ಫೋನು ವಿದ್ಯಾರ್ಥಿಯ ಮೇಜಿನ ಮೇಲಿದ್ದರೆ ಫಲಿತಾಂಶ ಹಾಳು. ಮೈಕು ಅಧ್ಯಾಪಕರ ಕಾಲರಿನ ಹತ್ತಿರವಿರಬೇಕು. ನಮ್ಮ ತರಗತಿಯ ಕನ್ನಡ-ಇಂಗ್ಲಿಷ್ ಬೆರಕೆ ಮಾತಿಗೆ ಅದು ಎಡವುತ್ತದೆ, ಹಾಗಾಗಿ ಅದನ್ನು ಟಿಪ್ಪಣಿಯ ಬದಲಿಯಾಗಿ ನಂಬಬಾರದು. ಸಂಜ್ಞಾಭಾಷೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಬೇಕಾದದ್ದು ದುಭಾಷಿಯೇ. ಒಬ್ಬರೇ ದುಭಾಷಿ ಗಂಟೆಗಟ್ಟಲೆ ಬಿಡುವಿಲ್ಲದೆ ಮಾಡಿದರೆ ದಣಿದು ತಪ್ಪು ಶುರುವಾಗುತ್ತದೆ. ದೀರ್ಘ ಕಾರ್ಯಕ್ರಮಗಳಿಗೆ ಇಬ್ಬರು ಸರದಿಯಲ್ಲಿ ಮಾಡಬೇಕು, ಪಾಠದ ಸಾಮಗ್ರಿ ಅವರಿಗೂ ಮುಂಚೆ ಸಿಗಬೇಕು.

ಪರೀಕ್ಷಾ ಕೊಠಡಿ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ 2018ರ ಆಗಸ್ಟ್ 29ರ ಮಾರ್ಗಸೂಚಿಯನ್ನೇ ವಿಶ್ವವಿದ್ಯಾಲಯಗಳ ಪರೀಕ್ಷಾ ವಿಭಾಗಗಳು ಬಹುಕಾಲ ಆಧಾರವಾಗಿ ಬಳಸಿವೆ. ಅದರ ಲೆಕ್ಕ ಸರಳ: ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ, ಎರಡೂವರೆ ಗಂಟೆಯದಕ್ಕೆ 50 ನಿಮಿಷ, ಒಂದೂವರೆ ಗಂಟೆಯದಕ್ಕೆ 30. ಲಿಪಿಕಾರರನ್ನು ಬಳಸದೆ ಸ್ವತಃ ಬರೆಯುವವರಿಗೂ ಈ ಸಮಯ ಸಲ್ಲುತ್ತದೆ. ‘ಸ್ಕ್ರೈಬ್ ಬೇಡವೆಂದರೆ ಎಕ್ಸ್‌ಟ್ರಾ ಟೈಮ್ ಇಲ್ಲ’ ಎಂಬ ಮಾತಿಗೆ ಆಧಾರವಿಲ್ಲ.

ಆ ಮಾರ್ಗಸೂಚಿಯಂತೆ ಅಂಧರಿಗೆ, ಎರಡೂ ತೋಳುಗಳಿಗೆ ತೊಂದರೆ ಇರುವವರಿಗೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕೇಳಿದರೆ ಸಾಕು, ಲಿಪಿಕಾರರನ್ನು ಕೊಡಬೇಕು. ಉಳಿದ ಬಗೆಯವರು ‘ಬರೆಯಲು ದೈಹಿಕ ಮಿತಿ ಇದೆ’ ಎಂಬ ನಿಗದಿತ ನಮೂನೆಯ ಪತ್ರವನ್ನು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರಿಂದ ತರಬೇಕು. ಖಾಸಗಿ ವೈದ್ಯರ ಲೆಟರ್‌ಹೆಡ್ ತಂದು ಪರೀಕ್ಷೆಯ ಬೆಳಿಗ್ಗೆ ವಾಪಸಾಗುವವರು ಇದ್ದಾರೆ. ನಮೂನೆಯನ್ನೇ ಮುದ್ರಿಸಿಕೊಂಡು ಹೋಗಿ. ಇಂಥ ಮಾರ್ಗಸೂಚಿಗಳು ಆಗಾಗ ಪರಿಷ್ಕರಣೆಯಾಗುತ್ತವೆ, ಆದ್ದರಿಂದ ಪರೀಕ್ಷಾ ಶುಲ್ಕ ಕಟ್ಟುವಾಗಲೇ ನಿಮ್ಮ ವಿಶ್ವವಿದ್ಯಾಲಯದ ಇತ್ತೀಚಿನ ಸುತ್ತೋಲೆ ಕೇಳಿ ಪಡೆದಿರಿ. ಸ್ವಂತ ಲಿಪಿಕಾರರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕು ಎಂಬ 2018ರ ಷರತ್ತನ್ನು ಒಂದೊಂದು ಕಾಲೇಜು ಒಂದೊಂದು ಥರ ಅರ್ಥ ಮಾಡಿಕೊಳ್ಳುತ್ತದೆ. ಯಾರನ್ನು ಕರೆತರಬಹುದೆಂದು ಬರಹದಲ್ಲಿ ಪಡೆಯುವುದು ಕ್ಷೇಮ. ಭಾಷಾ ಪತ್ರಿಕೆಗೆ ಒಬ್ಬರು, ಉಳಿದವಕ್ಕೆ ಇನ್ನೊಬ್ಬರು ಎಂದು ಬೇರೆ ಲಿಪಿಕಾರರನ್ನು ಇಟ್ಟುಕೊಳ್ಳಲು ಅವಕಾಶವಿದೆ.

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಲಿಪಿಕಾರರು ಕನ್ನಡ ಉತ್ತರ ಬರೆಯುವಾಗ ಏನಾಗುತ್ತದೆಂದು ಮೊದಲೇ ನೋಡಿಕೊಳ್ಳಬೇಕು. ಅಲ್ಪಪ್ರಾಣ, ಮಹಾಪ್ರಾಣ ಅದಲುಬದಲಾಗಿ, ಒತ್ತು ತಪ್ಪಿ ಅಂಕ ಹೋಗುವುದು ವಿದ್ಯಾರ್ಥಿಯದ್ದು. ಮಾರ್ಗಸೂಚಿಯಂತೆ ಸಂಸ್ಥೆಯೇ ಕೊಡುವ ಲಿಪಿಕಾರರನ್ನು ಪರೀಕ್ಷೆಗೆ ಎರಡು ದಿನ ಮುಂಚೆ ಭೇಟಿ ಮಾಡಬಹುದು. ಆ ಭೇಟಿಯಲ್ಲಿ ಅರ್ಧ ಪುಟ ಉಕ್ತಲೇಖನ ಹೇಳಿ ಬರೆಸಿ, ಇನ್ನೊಬ್ಬರಿಂದ ಓದಿಸಿ ನೋಡಿ. ವಾಕ್ಯ ಮುಗಿದಾಗ ಹೇಗೆ ಸೂಚಿಸುವುದು, ಹೊಸ ಪ್ಯಾರಾ, ಗೆರೆ ಎಳೆಯುವುದು, ಬರೆದದ್ದನ್ನು ಓದಿ ಹೇಳುವುದು ಇವಕ್ಕೆಲ್ಲ ಒಪ್ಪಿದ ಮಾತುಗಳಿರಲಿ. ಹೇಳಿ ಬರೆಸುವುದೂ ಅಭ್ಯಾಸದಿಂದ ಬರುವ ವಿದ್ಯೆ. ಮೊದಲ ಸಲ ಪರೀಕ್ಷೆಯಲ್ಲೇ ಮಾಡಿದವರು ಪ್ರಶ್ನೆ ಬಿಟ್ಟು ಬರುತ್ತಾರೆ.

ಕೊಠಡಿ ಪ್ರತ್ಯೇಕವಿರಬೇಕು, ನೆಲ ಅಂತಸ್ತಿನಲ್ಲಿರಬೇಕು. ಒಂದೇ ಕೊಠಡಿಯಲ್ಲಿ ನಾಲ್ವರು ತಮ್ಮ ತಮ್ಮ ಲಿಪಿಕಾರರಿಗೆ ಉತ್ತರ ಹೇಳುತ್ತಿದ್ದರೆ ಯಾರಿಗೂ ಯೋಚಿಸಲಾಗದು. ಮೇಲ್ವಿಚಾರಕರ ಕೈಯಲ್ಲಿ ಹೆಚ್ಚುವರಿ ಸಮಯದ ಆದೇಶದ ಪ್ರತಿ ಇರಬೇಕು, ಇಲ್ಲದಿದ್ದರೆ ಕೊನೆಯ ಗಂಟೆ ಹೊಡೆದಾಗ ಅವರು ಉತ್ತರಪತ್ರಿಕೆ ಕಿತ್ತುಕೊಳ್ಳುತ್ತಾರೆ. ಅವರ ತಪ್ಪೂ ಅಲ್ಲ, ಯಾರೂ ಅವರಿಗೆ ಹೇಳಿರುವುದಿಲ್ಲ. ಬೆಳಗಿನ ಪತ್ರಿಕೆ ಒಂದು ಗಂಟೆ ಲಂಬಿಸಿದರೆ ಮಧ್ಯಾಹ್ನದ ಪತ್ರಿಕೆಗೆ ಊಟದ ಹೊತ್ತೂ ಉಳಿಯುವುದಿಲ್ಲ; ವೇಳಾಪಟ್ಟಿ ಹಾಕುವವರು ಇದನ್ನು ಗಮನಿಸಬೇಕು. ಆನ್‌ಲೈನ್ ಕಿರುಪರೀಕ್ಷೆಯಲ್ಲಿ ಆ ವಿದ್ಯಾರ್ಥಿಯ ಹೆಸರಿಗೆ ಟೈಮರ್ ಬೇರೆ ಹೊಂದಿಸದಿದ್ದರೆ, ಆದೇಶ ಏನೇ ಇರಲಿ, ಪುಟ ತಾನಾಗಿ ಮುಚ್ಚಿಕೊಳ್ಳುತ್ತದೆ.

ಸ್ವತಃ ಕಂಪ್ಯೂಟರಿನಲ್ಲಿ ಉತ್ತರಿಸಲು ಬಯಸುವವರು ಹಿಂದಿನ ದಿನವೇ ಯಂತ್ರ ಪರಿಶೀಲಿಸಬೇಕು: ಎನ್‌ವಿಡಿಎ ಇದೆಯೇ, ಕನ್ನಡ ದನಿ ಬರುತ್ತದೆಯೇ, ತಮಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಇದೆಯೇ, ಪ್ರಶ್ನೆಪತ್ರಿಕೆ ಯೂನಿಕೋಡ್‌ನಲ್ಲಿದೆಯೇ. ನಮ್ಮ ದೃಷ್ಟಿಯಲ್ಲಿ ಕಾಲೇಜುಗಳು ಪ್ರೋತ್ಸಾಹಿಸಬೇಕಾದ ದಾರಿ ಇದೇ. ಪದವಿ ಮುಗಿದ ಮೇಲೆ ಕೆಲಸಕ್ಕೆ ಬರುವುದು ಸ್ವತಃ ಬರೆಯುವ ಸಾಮರ್ಥ್ಯ.

ಕಟ್ಟಡ

ರಾಂಪಿನ ಗಣಿತ ಒಂದಕ್ಕೆ ಹನ್ನೆರಡು. ಮೂರು ಮೆಟ್ಟಿಲಿನ 45 ಸೆಂಟಿಮೀಟರ್ ಎತ್ತರಕ್ಕೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಎರಡು ಮೀಟರಿನಲ್ಲಿ ಮುಗಿಸಿದ ರಾಂಪು ಬೈಕ್ ಹತ್ತಿಸಲು ಸರಿ, ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಮೇಲೆ ಬಾಗಿಲ ಮುಂದೆ ಸಮತಟ್ಟು ಜಾಗ ಬಿಡದಿದ್ದರೆ ಬಾಗಿಲು ತೆರೆಯುವಾಗ ಕುರ್ಚಿ ಜಾರುತ್ತದೆ. ಬಾಗಿಲಿಗೆ 90 ಸೆಂಟಿಮೀಟರ್ ತೆರವು, ಕುರ್ಚಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಜಾಗ, ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಬಿದ್ದವರು ಒಳಕ್ಕೆ ತೆರೆಯುವ ಬಾಗಿಲನ್ನೇ ತಡೆದು ಮಲಗಿರುತ್ತಾರೆ. ಇದೆಲ್ಲ ಕಟ್ಟಿದ ಮೇಲೂ ಶೌಚಾಲಯಕ್ಕೆ ಬೀಗ ಹಾಕಿ ಕೀಲಿಯನ್ನು ಕಚೇರಿಯಲ್ಲಿಟ್ಟರೆ ವಿದ್ಯಾರ್ಥಿನಿ ಬೆಳಗಿನಿಂದ ನೀರು ಕುಡಿಯದೆ ಕೂರುತ್ತಾಳೆ. ಇದು ಎಷ್ಟೋ ಕಡೆಯ ಸತ್ಯ. ಆ ಕೀಲಿ ಅವಳ ಬಳಿ ಇರಲಿ.

ಲಿಫ್ಟಿಗೆ ಹಣ ಬರುವವರೆಗೆ ಕಾಯಬೇಕಿಲ್ಲ. ವೇಳಾಪಟ್ಟಿ ತಯಾರಿಸುವ ದಿನ ಆ ತರಗತಿಯನ್ನು ಕೆಳಗಿನ ಕೊಠಡಿಗೆ ಇಳಿಸಿದರೆ ಒಂದು ರೂಪಾಯಿ ಖರ್ಚಿಲ್ಲ.

ಇಲ್ಲವೆಂದರೆ

ಬಾಯಿಮಾತಿನ ನಿರಾಕರಣೆಯನ್ನು ಬರಹಕ್ಕೆ ತನ್ನಿ: ‘ಈ ದಿನ ಕೇಳಿದ ಈ ಅನುಕೂಲವನ್ನು ಈ ಕಾರಣ ಹೇಳಿ ನಿರಾಕರಿಸಲಾಗಿದೆ, ಕಾರಣವನ್ನು ಲಿಖಿತವಾಗಿ ತಿಳಿಸಿ’ ಎಂದು ಪತ್ರ ಕೊಡಿ. ಹೆಚ್ಚಿನ ಸಮಸ್ಯೆಗಳು ಈ ಹಂತದಲ್ಲೇ ಬಗೆಹರಿಯುತ್ತವೆ. ಸರ್ಕಾರಿ ಸಂಸ್ಥೆಗಳಲ್ಲಿ 23ನೇ ಸೆಕ್ಷನ್ ಪ್ರಕಾರ ಕುಂದುಕೊರತೆ ಪರಿಹಾರ ಅಧಿಕಾರಿ ಇರಬೇಕು; ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ನಡೆಸಬೇಕು. ಪರಿಹಾರ ತೃಪ್ತಿ ತರದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಖಾಸಗಿ ಕಾಲೇಜೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಎನ್ನುತ್ತದೆ 21ನೇ ಸೆಕ್ಷನ್. ಅದರ ಪ್ರತಿ ಕೇಳಿ. ಎರಡೂ ಬಗೆಯ ಸಂಸ್ಥೆಗಳ ವಿರುದ್ಧ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಬಹುದು, ವಕೀಲರು ಬೇಕೆಂದಿಲ್ಲ. ದೂರಿಗೆ ಯುಡಿಐಡಿ ಪ್ರತಿ, ಮುದ್ರೆ ಬಿದ್ದ ಮೊದಲ ಪತ್ರ, ನಿರಾಕರಣೆಯ ಉತ್ತರ, ಪರೀಕ್ಷೆಯ ವೇಳಾಪಟ್ಟಿ ಲಗತ್ತಿಸಿ. ಪರೀಕ್ಷೆ ಹತ್ತಿರವಿದ್ದರೆ ಮಧ್ಯಂತರ ಆದೇಶ ಬೇಕೆಂದು ಮೊದಲ ಸಾಲಿನಲ್ಲೇ, ಪರೀಕ್ಷೆಯ ದಿನಾಂಕದ ಸಮೇತ ಬರೆಯಿರಿ.